ಕಾಯಿಲೆಯ ರಜೆ, ಕಾಯಿಲೆಯ ಗುಟ್ಟು

ನಾನು ಹುಟ್ಟಿ ಬೆಳೆದ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗದ ಆಸ್ಪತ್ರೆಯೊಂದಿದೆ. ಊರಿನವರ ಬಾಯಲ್ಲಿ ಅದು ಬರಿಯ ‘ಸ್ಯಾನಿಟೋರಿಯಂ’. ನನ್ನ ಬಾಲ್ಯದಲ್ಲಿ ನೆರೆಮನೆಯ ಯಜಮಾನರು ಆರೇಳು ತಿಂಗಳು ಕಾಣಿಸದಿದ್ದಾಗ, ಅವರು ಹಾಸನದಲ್ಲಿ ತಂಗಿಯ ಮನೆಯಲ್ಲಿದ್ದಾರೆಂದೇ ಮನೆಯವರು ಹೇಳುತ್ತಿದ್ದರು. ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದ ಮನೆ. ಬೇರೆ ಮಾತು ಆಡುವಂತಿರಲಿಲ್ಲ. ಆದರೆ ಅದೇ ಯಜಮಾನರು ಕಚೇರಿಗೆ ಕಳುಹಿಸಿದ ರಜೆಯ ಅರ್ಜಿಯ ಜೊತೆಗಿದ್ದ ಸರ್ಟಿಫಿಕೇಟಿನಲ್ಲಿ ರೋಗದ ಹೆಸರು ಸ್ಪಷ್ಟವಾಗಿ ನಮೂದಾಗಿತ್ತು. ಮೇಲಧಿಕಾರಿಯಿಂದ ಜವಾನನವರೆಗೆ ಎಲ್ಲರಿಗೂ ಅದು ತಿಳಿದಿತ್ತು. ನೆರೆಯವರಿಂದ ಮುಚ್ಚಿಡಬೇಕು, ಅಧಿಕಾರಿಯ ಮುಂದೆ ಬಿಚ್ಚಿಡಬೇಕು ಎಂಬ ಈ ಪಾಠವನ್ನು ಗಂಟುಕಟ್ಟಿಕೊಂಡೇ ನಾನು ಅಮೆರಿಕಕ್ಕೆ ಬಂದೆ.

ಆ ಗಂಟು ಬಿಚ್ಚಿದ್ದು 1995ರಲ್ಲಿ. ಆ ವರ್ಷ ನಾನು ಹತ್ತು ವಾರ ಹಾಸಿಗೆ ಹಿಡಿದೆ. ಎರಡನೆಯ ವಾರವೇ ನನ್ನ ಮೇಲ್ವಿಚಾರಕರು ಮನೆಗೆ ಫೋನು ಮಾಡಿ ಯಾವ ಕಾಯಿಲೆ, ಯಾವ ವೈದ್ಯರು, ಯಾವ ಔಷಧ ಎಂದು ವಿಚಾರಿಸಿದರು. ಹಿಂದೆಯೇ ಅಂಚೆಯಲ್ಲಿ ಒಂದು ಪತ್ರ ಬಂದಿತು. ನನಗೆ ಎಂದಾದರೂ ಚಿಕಿತ್ಸೆ ನೀಡಿದ ಯಾವುದೇ ವೈದ್ಯರು ನನ್ನ ಎಲ್ಲ ದಾಖಲೆಗಳನ್ನೂ ಕಂಪನಿಗೆ ಕೊಡಬಹುದೆಂದು ನಾನು ಒಪ್ಪುವ ಪತ್ರವದು. ನನ್ನ ಗ್ರೀನ್ ಕಾರ್ಡಿನ ಅರ್ಜಿ ಆ ಕಂಪನಿಯ ಮೂಲಕವೇ ಸಾಗುತ್ತಿತ್ತು. ಎರಡನೆಯ ಸಲ ಓದದೆ ಸಹಿ ಹಾಕಿದೆ. ಮರಳಿ ಕೆಲಸಕ್ಕೆ ಹೋದ ಮೊದಲ ದಿನ, ಊಟದ ಕೋಣೆಯಲ್ಲಿ ನನಗೆ ಹೆಸರೂ ಸರಿಯಾಗಿ ತಿಳಿಯದ ಸಹೋದ್ಯೋಗಿಯೊಬ್ಬರು ನನ್ನ ರೋಗದ ಹೆಸರು ಹೇಳಿಯೇ ಸಾಂತ್ವನ ನುಡಿದರು. ಅವರ ಉದ್ದೇಶ ಒಳ್ಳೆಯದೇ ಇತ್ತು. ನನ್ನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಅದು ಯಾವ ರೋಗವೆಂಬುದನ್ನು ಈ ಲೇಖನದಲ್ಲಿಯೂ ಬರೆಯುತ್ತಿಲ್ಲ, ಓದುಗರು ಮನ್ನಿಸಬೇಕು.

ಆ ವರ್ಷದ ದೀಪಾವಳಿಗೆ ನಮ್ಮ ಕನ್ನಡ ಕೂಟದಲ್ಲಿ ಹಿರಿಯ ವೈದ್ಯರೊಬ್ಬರಿಗೆ ಇದನ್ನು ಹೇಳಿಕೊಂಡೆ. ಅವರು ಪಾಯಸದ ಬಟ್ಟಲನ್ನು ಕೆಳಗಿಟ್ಟು, “ಅಲ್ಲಪ್ಪಾ, ನೀನು ಯಾವಾಗ ಬರುತ್ತೀಯ, ಬಂದ ಮೇಲೆ ಯಾವ ಕೆಲಸ ಮಾಡಬಲ್ಲೆ, ಇದು ತಾನೆ ಅವರಿಗೆ ಬೇಕಾದದ್ದು? ನಿನ್ನ ಜಾತಕವನ್ನೆಲ್ಲ ಯಾಕೆ ಕೊಟ್ಟೆ?” ಎಂದರು. ಈ ಪ್ರಶ್ನೆಯೇ ನನ್ನನ್ನು ಚರಿತ್ರೆಯ ಪುಟಗಳಿಗೆ ಕರೆದೊಯ್ದಿತು.

ರೋಗಿಯ ಗುಟ್ಟನ್ನು ಕಾಪಾಡಬೇಕೆಂಬುದು ಹೊಸ ಮಾತೇನಲ್ಲ. ಗ್ರೀಸಿನ ಹಿಪಾಕ್ರಟೀಸನ ಹೆಸರಿನ ಪ್ರತಿಜ್ಞೆಯಲ್ಲಿ ಅದಿದೆ. ನಮ್ಮ ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ರೋಗಿಯ ಮನೆಯ ವಿಚಾರಗಳನ್ನು ಹೊರಗೆ ಆಡಬಾರದೆಂದು ಗುರುವು ಶಿಷ್ಯನಿಗೆ ವಿಧಿಸುತ್ತಾನೆ. ಆದರೆ ಈ ಕಟ್ಟುಪಾಡುಗಳೆಲ್ಲ ವೈದ್ಯ ಮತ್ತು ರೋಗಿ ಎಂಬ ಇಬ್ಬರ ನಡುವಿನವು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ರೈಲ್ವೆ ಮತ್ತು ಗಣಿ ಕಂಪನಿಗಳು ತಮ್ಮದೇ ವೈದ್ಯರನ್ನು ನೇಮಿಸಿಕೊಂಡಾಗ ಅಲ್ಲಿ ಮೂರನೆಯವನೊಬ್ಬ ಪ್ರವೇಶಿಸಿದ. ಸಂಬಳ ಕೊಡುವವನು ಕಂಪನಿಯಾದರೆ ವೈದ್ಯನ ನಿಷ್ಠೆ ಯಾರಿಗೆ? 1890ರಲ್ಲಿ ವಾರೆನ್ ಮತ್ತು ಬ್ರಾಂಡೈಸ್ ಎಂಬ ನ್ಯಾಯವಾದಿಗಳು ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಕುರಿತು ಪ್ರಸಿದ್ಧ ಲೇಖನವನ್ನು ಬರೆದರು. ಅವರ ಕಳವಳವಾದರೋ ಮುಖ್ಯವಾಗಿ ಪತ್ರಿಕೆಗಳ ಅತಿ ಕುತೂಹಲವನ್ನು ಕುರಿತದ್ದು. ದುಡಿಯುವವನ ಕಾಯಿಲೆಯ ಮಾತು ಕಾನೂನಿನ ಕಿವಿಗೆ ಬೀಳಲು ಇನ್ನೂ ಬಹುಕಾಲ ಹಿಡಿಯಿತು.

ಆ ದಾರಿಯಲ್ಲಿ ನನ್ನ ಮನಸ್ಸಿಗೆ ಹತ್ತಿರವಾದ ಮೈಲಿಗಲ್ಲು ಕ್ಷಯರೋಗದ್ದೇ. ಫ್ಲಾರಿಡಾದ ನಸ್ಸಾ ಕೌಂಟಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಆರ್ಲೈನ್ ಎಂಬ ಶಿಕ್ಷಕಿಗೆ ಕ್ಷಯ ಮರುಕಳಿಸಿತು. 1979ರಲ್ಲಿ ಶಾಲಾ ಮಂಡಳಿ ಅವರನ್ನು ಕೆಲಸದಿಂದ ತೆಗೆಯಿತು. ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲರನ್ನು ಭೇದದಿಂದ ಕಾಣಬಾರದೆಂಬ 1973ರ ಪುನರ್ವಸತಿ ಕಾಯಿದೆ ಇಂಥ ರೋಗಿಗೂ ಅನ್ವಯಿಸುತ್ತದೆಯೆಂದು 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ರೋಗದಷ್ಟೇ ರೋಗವನ್ನು ಕುರಿತ ಜನರ ಭಯವೂ ಮನುಷ್ಯನನ್ನು ಕುಗ್ಗಿಸುತ್ತದೆ ಎಂಬುದನ್ನು ನ್ಯಾಯಮೂರ್ತಿ ಬ್ರೆನನ್ನರು ಆ ತೀರ್ಪಿನಲ್ಲಿ ಗುರುತಿಸಿದರು. ಓದುವಾಗ ನನಗೆ ನೆನಪಾದದ್ದು ಹಾಸನಕ್ಕೆ ‘ಹೋಗಿದ್ದ’ ಆ ಯಜಮಾನರು.

1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ಅಮೆರಿಕದ ಅಂಗವಿಕಲರ ಕಾಯಿದೆ ಖಾಸಗಿ ಕಂಪನಿಗಳಿಗೂ ಗೆರೆ ಎಳೆಯಿತು. ನೌಕರನ ಆರೋಗ್ಯವನ್ನು ಕುರಿತು ಕೇಳುವ ಪ್ರಶ್ನೆ ಅವನ ಕೆಲಸಕ್ಕೆ ಸಂಬಂಧಪಟ್ಟಿರಬೇಕು, ಕಂಪನಿಯ ನಿಜವಾದ ಅಗತ್ಯದಿಂದ ಹುಟ್ಟಿರಬೇಕು. ಹೀಗೆ ದೊರೆತ ಮಾಹಿತಿಯನ್ನು ಸಾಮಾನ್ಯ ಕಡತದಲ್ಲಿಡದೆ ಪ್ರತ್ಯೇಕವಾಗಿ, ಗೋಪ್ಯವಾಗಿ ಇಡಬೇಕು. ನೌಕರ ಯಾವ ಕೆಲಸ ಮಾಡಲಾರ, ಅವನಿಗೆ ಯಾವ ಅನುಕೂಲ ಬೇಕು ಎಂಬಷ್ಟನ್ನೇ ಮೇಲ್ವಿಚಾರಕನಿಗೆ ತಿಳಿಸಬಹುದು. ನನ್ನ ಊಟದ ಕೋಣೆಯ ಪ್ರಸಂಗ ನಡೆಯುವಾಗ ಈ ನಿಯಮ ಮೂರು ವರ್ಷ ಹಳೆಯದಾಗಿತ್ತು.

ಅಧ್ಯಕ್ಷ ಬುಷ್ 1990 ಮತ್ತು 1992ರಲ್ಲಿ ಎರಡು ಬಾರಿ ತಿರಸ್ಕರಿಸಿದ್ದ ಕುಟುಂಬ ಮತ್ತು ವೈದ್ಯಕೀಯ ರಜೆಯ ಮಸೂದೆಗೆ ಅಧ್ಯಕ್ಷ ಕ್ಲಿಂಟನ್ 1993ರ ಫೆಬ್ರವರಿ 5ರಂದು ಸಹಿ ಹಾಕಿದರು. 50 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಒಂದು ವರ್ಷ, 1,250 ಗಂಟೆ ದುಡಿದವರಿಗೆ ವರ್ಷಕ್ಕೆ 12 ವಾರಗಳ ಸಂಬಳವಿಲ್ಲದ ರಜೆಯನ್ನು ಅದು ಕೊಟ್ಟಿತು. ವೈದ್ಯರ ಪ್ರಮಾಣಪತ್ರವನ್ನು ಕೇಳುವ ಹಕ್ಕು ಕಂಪನಿಗಿದೆ. ಅದನ್ನು ಒದಗಿಸಲು ನೌಕರನಿಗೆ ಕನಿಷ್ಠ 15 ದಿನ ಕೊಡಬೇಕು. ಸಂದೇಹವಿದ್ದರೆ ಕಂಪನಿ ತನ್ನ ಖರ್ಚಿನಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಬಹುದು. ಪ್ರಮಾಣಪತ್ರದಲ್ಲಿರಬೇಕಾದದ್ದು ರಜೆ ಅಗತ್ಯವೆಂದು ತೋರಿಸುವಷ್ಟು ಸಂಗತಿ. ಹುಟ್ಟಿದಂದಿನಿಂದ ಇಂದಿನವರೆಗಿನ ದಾಖಲೆಯಲ್ಲ. 2009ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ಪ್ರಮಾಣಪತ್ರವನ್ನು ಕುರಿತು ಕಂಪನಿಯವರು ವೈದ್ಯರನ್ನು ಸಂಪರ್ಕಿಸಬೇಕಾಗಿ ಬಂದರೂ, ನೌಕರನ ನೇರ ಮೇಲ್ವಿಚಾರಕ ಆ ಕೆಲಸ ಮಾಡಕೂಡದು.

ಈ ಗೆರೆಗಳು ಸುಮ್ಮನೆ ಬಂದವಲ್ಲ. ಬರ್ಲಿಂಗ್‌ಟನ್ ನಾರ್ದರ್ನ್ ಸಾಂತಾ ಫೆ ರೈಲ್ವೆ ಕಂಪನಿ, ಕೆಲಸದಿಂದ ಮಣಿಕಟ್ಟಿಗೆ ನೋವು ಬಂದಿದೆಯೆಂದ ಕಾರ್ಮಿಕರ ರಕ್ತವನ್ನು ಅವರಿಗೆ ತಿಳಿಸದೆ ವಂಶವಾಹಿ ಪರೀಕ್ಷೆಗೆ ಒಳಪಡಿಸಿದ್ದು ಬಯಲಾಗಿ, 2001ರಲ್ಲಿ ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗ ನ್ಯಾಯಾಲಯದ ಮೆಟ್ಟಿಲೇರಿತು. ಇಂಥ ಮಾಹಿತಿಯನ್ನು ಉದ್ಯೋಗದಾತರು ಕೇಳುವುದನ್ನು ನಿರ್ಬಂಧಿಸುವ ಕಾಯಿದೆ 2008ರಲ್ಲಿ ಬಂದಿತು. ತಂದೆತಾಯಿಗಳಿಗಿದ್ದ ಕಾಯಿಲೆಗಳ ವಿವರವೂ ಅದರ ವ್ಯಾಪ್ತಿಗೆ ಸೇರುತ್ತದೆ.

ನಮ್ಮವರಲ್ಲಿ ಬೇರೂರಿದ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಲೇಬೇಕು. 1996ರ ‘ಹಿಪಾ’ ಕಾಯಿದೆಯೇ ನಮ್ಮನ್ನು ಕಂಪನಿಯಿಂದ ಕಾಪಾಡುತ್ತದೆಯೆಂದು ಅನೇಕರು ನಂಬಿದ್ದಾರೆ. 2003ರಿಂದ ಪಾಲನೆ ಕಡ್ಡಾಯವಾದ ಅದರ ಗೋಪ್ಯತಾ ನಿಯಮ ಕಟ್ಟಿಹಾಕುವುದು ವೈದ್ಯರನ್ನು, ಆಸ್ಪತ್ರೆಗಳನ್ನು, ಆರೋಗ್ಯ ವಿಮೆಯವರನ್ನು. ಉದ್ಯೋಗದಾತರು ಆ ಸ್ಥಾನದಲ್ಲಿ ಇಟ್ಟುಕೊಂಡ ನೌಕರರ ದಾಖಲೆಗಳಿಗೆ ಅದು ತಗಲುವುದಿಲ್ಲ. ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ವೈದ್ಯರು ಕಂಪನಿಗೆ ಕಡತ ಕೊಡುವಂತಿಲ್ಲ, ನಿಜ. ನಾವೇ ಸಹಿ ಹಾಕಿದ ಮೇಲೆ ಬಾಗಿಲು ತೆರೆದಂತೆಯೇ. ಆ ಒಪ್ಪಿಗೆಯನ್ನು ಬರಹದ ಮೂಲಕ ಹಿಂದಕ್ಕೆ ಪಡೆಯಬಹುದು; ಅಷ್ಟರಲ್ಲಿ ಹೊರಹೋದದ್ದು ಮಾತ್ರ ಮರಳುವುದಿಲ್ಲ.

ಕಂಪನಿಯ ಕಷ್ಟವನ್ನೂ ನಾವು ಅರಿಯಬೇಕು. ಬಲ್ಲ ಡಾಕ್ಟರಿಂದ ಸರ್ಟಿಫಿಕೇಟು ಬರೆಸಿ ನೆಂಟರ ಮದುವೆಗೆ ಹೋಗುತ್ತಿದ್ದ ನಮ್ಮೂರಿನ ಚಾಳಿಯನ್ನು ನಾನು ಮರೆತಿಲ್ಲ. ತಿಂಗಳುಗಟ್ಟಲೆ ಬಾರದವನ ಕೆಲಸವನ್ನು ಯಾರಾದರೂ ಮಾಡಬೇಕು. ಹನ್ನೆರಡು ವಾರ ಮುಗಿದ ಮೇಲೂ ರಜೆ ಬೇಕೆಂದರೆ, ಕಾಯಿಲೆಯ ಸ್ವರೂಪವನ್ನು ಕುರಿತು ಹೆಚ್ಚಿನ ವಿವರಣೆ ಕೊಡಬೇಕಾಗಬಹುದು. ರಜೆಯ ಕಾಲದಲ್ಲಿ ಹಣ ಕೊಡುವ ವಿಮೆಯವರು ದಾಖಲೆ ಕೇಳುವುದೂ ಉಂಟು. ಅದು ಬೇರೆಯ ಲೆಕ್ಕ. ಯಾರು ಕೇಳುತ್ತಿದ್ದಾರೆ, ಎಷ್ಟು ಕೇಳುತ್ತಿದ್ದಾರೆ, ಏತಕ್ಕಾಗಿ ಎಂಬ ಮೂರನ್ನು ನೋಡಿ ಸಹಿ ಹಾಕಬೇಕೆನ್ನುವುದಷ್ಟೇ ನನ್ನ ವಿನಂತಿ.

ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ.

ಕೆಲವು ತಿಂಗಳ ಹಿಂದೆ ನಮ್ಮ ಕೂಟದ ತರುಣಿಯೊಬ್ಬಳು, “ಅಂಕಲ್, ಆಫೀಸಿನಿಂದ ಒಂದು ಫಾರಂ ಬಂದಿದೆ, ಸ್ವಲ್ಪ ನೋಡುತ್ತೀರಾ?” ಎಂದು ಮನೆಗೆ ಬಂದಳು. ಅದೇ ಹಳೆಯ ಮಾತು: ಎಲ್ಲ ವೈದ್ಯರು, ಎಲ್ಲ ದಾಖಲೆಗಳು. ಇಬ್ಬರೂ ಕುಳಿತು ಸಾಲುಸಾಲಾಗಿ ಓದಿದೆವು. ಅವಳು ಅದಕ್ಕೆ ಸಹಿ ಹಾಕದೆ, ತನ್ನ ವೈದ್ಯರಿಂದ ರಜೆಯ ಪ್ರಮಾಣಪತ್ರವನ್ನಷ್ಟೇ ಬರೆಸಿ ಕಳುಹಿಸಿದಳು. ಕಚೇರಿಯವರು ಒಪ್ಪಿಕೊಂಡರು. ಅವಳಿಗೆ ಏನಾಗಿತ್ತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಾಫಿ ಕುಡಿದು, ಕುಂಕುಮ ತೆಗೆದುಕೊಂಡು ಹೊರಟಳು.