ಜ್ವರದ ಮೈಗೆ ಎಷ್ಟು ದುಡಿಮೆ?

ಮೈ ಸರಿಯಿಲ್ಲದಾಗ ವ್ಯಾಯಾಮ ಮಾಡಬೇಕೆ, ಬಿಡಬೇಕೆ ಎಂಬ ಪ್ರಶ್ನೆ ಇಂದು ಬೆಳಗಿನ ವಾಕಿಂಗಿಗೂ ಜಿಮ್ಮಿಗೂ ಸೀಮಿತವಾಗಿದೆ. ನೆಗಡಿ ಹಿಡಿದಿದೆ, ಇವತ್ತು ಓಡೋಣವೋ ಬೇಡವೋ ಎಂಬಷ್ಟಕ್ಕೆ ಅದು ಮುಗಿಯುತ್ತದೆ. ಸುಮಾರು ಒಂದೂವರೆ ಶತಮಾನದ ಹಿಂದೆ ಹೀಗಿರಲಿಲ್ಲ. ಇದೇ ಪ್ರಶ್ನೆಗೆ ಸಿಕ್ಕ ಉತ್ತರಗಳ ಮೇಲೆ ಆಸ್ಪತ್ರೆಗಳು ಎದ್ದವು, ಗುರು ಶಿಷ್ಯರು ದಾರಿ ಬೇರೆ ಮಾಡಿಕೊಂಡರು, ಸಾವಿರಾರು ರೋಗಿಗಳು ವರ್ಷಗಟ್ಟಲೆ ಹಾಸಿಗೆಯಲ್ಲೋ ಸಲಿಕೆ ಹಿಡಿದೋ ದಿನ ಕಳೆದರು. ಆ ಚರಿತ್ರೆಯನ್ನು ಹಿಂಬಾಲಿಸಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ವಿಶ್ರಾಂತಿಯನ್ನಾಗಲಿ ದುಡಿಮೆಯನ್ನಾಗಲಿ ಎಲ್ಲ ಕಾಯಿಲೆಗೂ ಒಪ್ಪುವ ಸಿದ್ಧಾಂತವಾಗಿಸಿದಾಗಲೆಲ್ಲ ರೋಗಿಗೆ ಕೇಡಾಗಿದೆ. ಯಾವ ಕಾಯಿಲೆ, ಅದರ ಯಾವ ಹಂತ, ನಿನ್ನೆ ಮಾಡಿದ ಶ್ರಮಕ್ಕೆ ಇಂದು ಮೈ ಹೇಗಿದೆ ಎಂದು ವಿಚಾರಿಸಿ ತೀರ್ಮಾನಿಸಿದ ಕಡೆ, ಕೈಯಲ್ಲಿ ಸರಿಯಾದ ಔಷಧವಿಲ್ಲದ ಕಾಲದಲ್ಲೂ, ವೈದ್ಯರು ದಾರಿ ತಪ್ಪಿದ್ದು ಕಡಿಮೆ.

ಹೀಗೆ ವಿಚಾರಿಸುವ ಕ್ರಮ ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಜ್ವರಕ್ಕೆ ಮೀಸಲಾದ ದೀರ್ಘ ಅಧ್ಯಾಯವಿದೆ. ಹೊಸದಾಗಿ ಬಂದ ಜ್ವರದಲ್ಲಿ ವರ್ಜಿಸಬೇಕಾದವುಗಳನ್ನು ಅದು ಹೇಳುವಾಗ ಸ್ನಾನ, ಎಣ್ಣೆಯುಜ್ಜುವುದು, ಹಗಲುನಿದ್ದೆ, ಕೋಪ ಇವುಗಳ ಜೊತೆ ವ್ಯಾಯಾಮವನ್ನೂ ಸೇರಿಸುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಅದೇ ಅಧ್ಯಾಯದಲ್ಲಿ ಮುಂದೆ ಬರುತ್ತದೆ. ಜ್ವರ ಬಿಟ್ಟ ಮೇಲೂ, ಮೈಗೆ ಬಲ ಬರುವ ತನಕ, ವ್ಯಾಯಾಮ ಕೂಡದು, ಅಡ್ಡಾಡುವುದೂ ಕೂಡದು. ಜ್ವರ ಇಳಿಯುವುದು ಒಂದು ಘಟ್ಟ, ಬಲ ಮರಳುವುದು ಇನ್ನೊಂದು ಘಟ್ಟ ಎಂಬ ಈ ವಿಂಗಡಣೆ ಬಹಳ ಬೆಲೆಯುಳ್ಳದ್ದು. ಆರೋಗ್ಯವಂತರಿಗೂ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಸಾಕೆಂದು ಆಯುರ್ವೇದದ ಇನ್ನೊಬ್ಬ ಆಚಾರ್ಯ ವಾಗ್ಭಟ ಹೇಳುತ್ತಾನೆ. ಅಜೀರ್ಣವಾದವರು, ಮಕ್ಕಳು, ಮುದುಕರು ಅದನ್ನು ಬಿಡಬೇಕೆನ್ನುತ್ತಾನೆ. ಆ ಅರ್ಧವನ್ನು ಗುರುತಿಸುವ ಬಗೆ ಸುಶ್ರುತಸಂಹಿತೆಯಲ್ಲಿದೆ: ಉಸಿರು ಬಾಯಿಗೆ ಬರುವುದು. ಇಂದಿನ ವಿಜ್ಞಾನವನ್ನು ಹಳೆಯ ಗ್ರಂಥದೊಳಗೆ ಓದಿಕೊಳ್ಳುತ್ತಿದ್ದೀರಿ ಎಂಬ ಆಕ್ಷೇಪ ಇಲ್ಲಿ ಏಳುವುದು ಸಹಜ. ಚರಕನಿಗೆ ವೈರಾಣು ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಅವನು ಕೊಡುವ ಕಾರಣಗಳು ದೋಷಗಳಿಗೂ ಜಠರಾಗ್ನಿಗೂ ಸೇರಿದವು, ಇಂದಿನ ಶರೀರಶಾಸ್ತ್ರದಲ್ಲಿ ಅವಕ್ಕೆ ಜಾಗವಿಲ್ಲ. ಉಳಿದುಕೊಳ್ಳುವುದು ಆ ನಿಯಮದ ರೂಪ ಮಾತ್ರ: ಹಂತ ಹಂತವಾಗಿ, ಮೈ ತೋರುವ ಲಕ್ಷಣವನ್ನು ನೋಡಿ ನಿರ್ಧರಿಸುವುದು.

ಯುರೋಪಿನಲ್ಲಿ ಈ ಪ್ರಶ್ನೆ ಕಾವೇರಿದ್ದು ಕ್ಷಯದ ಸುತ್ತ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹರ್ಮನ್ ಬ್ರೆಹ್ಮರ್ ಎಂಬ ವೈದ್ಯ ಸೈಲೀಸಿಯದ ಬೆಟ್ಟದೂರು ಗೋರ್ಬರ್ಸ್‌ಡಾರ್ಫ್‌ನಲ್ಲಿ ಸ್ಯಾನಟೋರಿಯಂ ಕಟ್ಟಿದ. ಆ ಊರು ಈಗ ಪೋಲೆಂಡಿನಲ್ಲಿದೆ. ಕ್ಷಯರೋಗಿಗಳ ಹೃದಯ ಚಿಕ್ಕದು, ಅದನ್ನು ಬಲಪಡಿಸಿದರೆ ರೋಗ ವಾಸಿಯಾಗುತ್ತದೆ ಎಂಬುದು ಅವನ ನಂಬಿಕೆ. ಆದ್ದರಿಂದ ರೋಗಿಗಳನ್ನು ಅಳತೆಯಿಟ್ಟು ಬೆಟ್ಟದ ದಾರಿ ಹತ್ತಿಸುತ್ತಿದ್ದ. ಅವನ ಬಳಿ ರೋಗಿಯಾಗಿ ಬಂದು ಸಹಾಯಕನಾಗಿ ಉಳಿದ ಪೀಟರ್ ಡೆಟ್‌ವೈಲರ್, 1876ರಲ್ಲಿ ಫಾಲ್ಕನ್‌ಸ್ಟೈನ್‌ನಲ್ಲಿ ತನ್ನದೇ ಸ್ಯಾನಟೋರಿಯಂ ನಡೆಸಲು ಹೊರಟಾಗ ಗುರುವಿನ ಮಾತನ್ನು ತಿರುಗಿಸಿಟ್ಟ. ಅಲ್ಲಿ ರೋಗಿಗಳು ತೆರೆದ ಜಗಲಿಯ ಒರಗು ಕುರ್ಚಿಗಳಲ್ಲಿ, ಚಳಿಗಾಲದಲ್ಲೂ ಕಂಬಳಿ ಹೊದ್ದು, ಗಂಟೆಗಟ್ಟಲೆ ಅಲುಗಾಡದೆ ಮಲಗಿರಬೇಕಿತ್ತು. ಸ್ಯಾನಟೋರಿಯಂ ಎಂದರೆ ಇಂದು ಕಣ್ಣೆದುರು ಬರುವ ಚಿತ್ರ ಈ ಶಿಷ್ಯನದೇ. ವಿಶ್ರಾಂತಿಯ ಪಕ್ಷ ಗೆದ್ದಿತು. ಗೆದ್ದದ್ದಕ್ಕೆ ಕಾರಣವೂ ಇತ್ತು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜ್ವರವಿದ್ದ ರೋಗಿಯನ್ನು ಬೆಟ್ಟ ಹತ್ತಿಸಿದರೆ ರಕ್ತ ಕಾರುವ ಅಪಾಯವಿತ್ತು, ವೈದ್ಯರು ಅದನ್ನು ಕಣ್ಣಾರೆ ಕಂಡಿದ್ದರು.

ಈ ಎರಡು ತುದಿಗಳ ನಡುವೆ ನನಗೆ ಅತ್ಯಂತ ಕುತೂಹಲಕರವಾಗಿ ಕಾಣುವುದು ಇಂಗ್ಲೆಂಡಿನ ಫ್ರಿಮ್ಲಿ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆ ಸರ್ರೆಯಲ್ಲಿ ತೆರೆದ ಈ ಸ್ಯಾನಟೋರಿಯಮ್ಮಿನ ಹೊಣೆ 1905ರಲ್ಲಿ ಮಾರ್ಕಸ್ ಪ್ಯಾಟರ್ಸನ್ ಎಂಬ ವೈದ್ಯನದಾಯಿತು. ಬರುತ್ತಿದ್ದವರು ಬಹುಪಾಲು ಕೂಲಿ ಮಾಡಿ ಬದುಕುವವರು. ತಿಂಗಳುಗಟ್ಟಲೆ ಮಲಗಿಸಿ, ತೂಕ ಹೆಚ್ಚಿಸಿ ಮನೆಗೆ ಕಳಿಸಿದರೆ ಅವರು ಹಳೆಯ ಕೆಲಸಕ್ಕೆ ಆಗದವರಾಗಿ ಉಳಿಯುತ್ತಿದ್ದರು. ಪ್ಯಾಟರ್ಸನ್ ಒಂದು ಮೆಟ್ಟಿಲುಸಾಲು ರೂಪಿಸಿದ. ಮೊದಲು ಅರ್ಧ ಮೈಲಿ ನಡಿಗೆ, ಅದು ಬೆಳೆದು ಬೆಳೆದು ದಿನಕ್ಕೆ ಹತ್ತು ಮೈಲಿಯವರೆಗೆ. ಆಮೇಲೆ ಬುಟ್ಟಿಯಲ್ಲಿ ಮಣ್ಣು ಹೊರುವುದು, ಚಿಕ್ಕ ಸಲಿಕೆ, ದೊಡ್ಡ ಸಲಿಕೆ, ಕೊನೆಗೆ ಪಿಕಾಸಿ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹೋಗಲು ಅಪ್ಪಣೆ ಕೊಡುತ್ತಿದ್ದದ್ದು ಥರ್ಮಾಮೀಟರು. ಮೈಬಿಸಿ ಸ್ವಲ್ಪ ಏರಿದರೂ, ತಲೆನೋವು ಬಂದರೂ, ಊಟ ಸೇರದಿದ್ದರೂ ಕೆಲಸ ನಿಲ್ಲುತ್ತಿತ್ತು. ಜ್ವರ ಪೂರ್ತಿ ಇಳಿಯುವವರೆಗೆ ರೋಗಿ ಹಾಸಿಗೆಯಲ್ಲೇ ಇರಬೇಕು, ಅನ್ನ ನೀರಿಗೂ ತಾನಾಗಿ ಏಳಬಾರದು. ದುಡಿಮೆಯನ್ನು ಇಷ್ಟು ಧೈರ್ಯವಾಗಿ ಹೇರಿದವನೇ ವಿಶ್ರಾಂತಿಯನ್ನೂ ಇಷ್ಟು ಕಟ್ಟುನಿಟ್ಟಾಗಿ ವಿಧಿಸಿದ್ದು ಗಮನಿಸತಕ್ಕದ್ದು. ಅವನು ಎರಡನ್ನೂ ಔಷಧದ ಪ್ರಮಾಣದಂತೆ ಅಳೆಯುತ್ತಿದ್ದ.

ಅವನ ಸಿದ್ಧಾಂತ ನಿಲ್ಲಲಿಲ್ಲ. ಶ್ರಮದಿಂದ ರೋಗಾಣುವಿನ ವಿಷ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕಿಳಿದು, ಲಸಿಕೆಯಂತೆ ಮೈಯನ್ನು ಸಜ್ಜುಗೊಳಿಸುತ್ತದೆ ಎಂದು ಲಸಿಕೆ ಸಂಶೋಧಕ ಆಲ್ಮ್‌ರಾತ್ ರೈಟನ ಸಂಶೋಧನೆಯ ಆಧಾರದ ಮೇಲೆ ಅವನು ನಂಬಿದ್ದ. 1911ರಲ್ಲಿ ಅದನ್ನೇ ಪುಸ್ತಕವಾಗಿ ಬರೆದ. ಆ ವಿವರಣೆಯನ್ನು ವೈದ್ಯಲೋಕ ಕೈಬಿಟ್ಟಿತು. ಫ್ರಿಮ್ಲಿಗೆ ಬರುತ್ತಿದ್ದವರು ಬ್ರಾಂಪ್ಟನ್ನಿನಲ್ಲಿ ಆರಿಸಿ ಕಳಿಸಿದವರು, ರೋಗ ಉಲ್ಬಣಿಸಿರದವರು. ಹಾಗಾಗಿ ಅಲ್ಲಿನ ಫಲಿತಾಂಶ ಚೆನ್ನಾಗಿ ಕಂಡದ್ದರಲ್ಲಿ ಅಚ್ಚರಿಯಿಲ್ಲ ಎಂಬ ಟೀಕೆಯೂ ನ್ಯಾಯವಾದದ್ದು. ಬಡ ರೋಗಿಗಳಿಂದ ಆಸ್ಪತ್ರೆಯ ಆವರಣದ ಕೆಲಸ ಬಿಟ್ಟಿಯಾಗಿ ಮಾಡಿಸಿಕೊಂಡಂತಾಯಿತು ಎಂಬ ಮಾತು ಇನ್ನೂ ಗಂಭೀರ. ಸೋಮಾರಿತನ ಬಿಡಿಸುವುದು ಚಿಕಿತ್ಸೆಯ ಗುರಿಯಾದೊಡನೆ ವೈದ್ಯ ಮೇಸ್ತ್ರಿಯಾಗಿಬಿಡುತ್ತಾನೆ, ಈ ಅಪಾಯ ಫ್ರಿಮ್ಲಿಯಲ್ಲಿ ಇದ್ದೇ ಇತ್ತು. ಇದನ್ನೆಲ್ಲ ಒಪ್ಪಿದ ಮೇಲೂ ಒಂದು ಉಳಿಯುತ್ತದೆ. ಕಾರಣ ತಪ್ಪಾಗಿದ್ದರೂ ಆ ಪದ್ಧತಿಯೊಳಗೆ ತಪ್ಪನ್ನು ಹಿಡಿದು ಹೇಳುವ ಸಾಧನವಿತ್ತು. ಶ್ರಮ ಹೆಚ್ಚಾದರೆ ಮರುದಿನದ ಪಾದರಸ ಅದನ್ನು ತೋರಿಸುತ್ತಿತ್ತು, ವೈದ್ಯ ಅದಕ್ಕೆ ಮಣಿಯುತ್ತಿದ್ದ. ಬ್ರೆಹ್ಮರನ ಚಿಕ್ಕ ಹೃದಯದ ನಂಬಿಕೆಯಲ್ಲಾಗಲಿ, ಜಗಲಿಯ ಕುರ್ಚಿಯಲ್ಲಾಗಲಿ ಇಂಥ ಸಾಧನ ಇಷ್ಟು ಸ್ಪಷ್ಟವಾಗಿರಲಿಲ್ಲ.

ಸ್ಯಾನಟೋರಿಯಂ ನಮ್ಮ ಕಡೆಗೂ ಬಂತು. ಮದನಪಲ್ಲಿಯ ಆರೋಗ್ಯವರಂ 1915ರಲ್ಲಿ ಶುರುವಾಯಿತು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಇನ್ನೊಂದು ಎದ್ದಿತು. ಆದರೆ ಹಾಸಿಗೆಗಳು ಕೆಲವು, ರೋಗಿಗಳು ಲಕ್ಷಾಂತರ. ಉಳುವವನಿಗೆ, ಬೀಡಿ ಕಟ್ಟುವವಳಿಗೆ, ಗಿರಣಿಯ ಕೆಲಸಗಾರನಿಗೆ ವರ್ಷಪೂರ್ತಿ ಮಲಗು ಎನ್ನುವುದೂ ನಿನಗೆ ಚಿಕಿತ್ಸೆಯಿಲ್ಲ ಎನ್ನುವುದೂ ಒಂದೇ ಆಗಿತ್ತು. ವಿಶ್ರಾಂತಿಯ ಸಿದ್ಧಾಂತ ಬಡವರಿಗೆ ಮಾಡಿದ ಅನ್ಯಾಯವನ್ನು ಚರಿತ್ರೆಕಾರರು ಇನ್ನೂ ಸಾಕಷ್ಟು ಬರೆದಿಲ್ಲವೆಂದೇ ನನ್ನ ಅನಿಸಿಕೆ. ಆ ಸಿದ್ಧಾಂತವನ್ನು ಮುರಿದದ್ದು ಮದರಾಸಿನ ಒಂದು ಪ್ರಯೋಗ. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಔಷಧ ಎರಡಕ್ಕೂ ಒಂದೇ. ಒಂದು ಗುಂಪು ಸ್ಯಾನಟೋರಿಯಂ ಸೇರಿತು, ಇನ್ನೊಂದು ಇಕ್ಕಟ್ಟಾದ ತನ್ನ ಮನೆಗಳಲ್ಲೇ ಉಳಿಯಿತು. ಮನೆಯಲ್ಲುಳಿದವರಿಗೆ ಊಟ ಕಡಿಮೆ, ವಿಶ್ರಾಂತಿ ಕಡಿಮೆ, ದುಡಿಮೆ ಹೆಚ್ಚು. ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಗುಣಮುಖರಾದವರ ಪ್ರಮಾಣ ಹೆಚ್ಚುಕಡಿಮೆ ಸಮನಾಗಿತ್ತು. 1959ರಲ್ಲಿ ಈ ಫಲಿತಾಂಶ ಹೊರಬಂತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಮನೆಯಲ್ಲೇ ಚಿಕಿತ್ಸೆ ಎಂಬ ತಳಹದಿಯ ಮೇಲೆ ಇಡೀ ದೇಶದ ಕಾರ್ಯಕ್ರಮವನ್ನು ರೂಪಿಸಿತು. ಔಷಧ ಕೆಲಸ ಮಾಡುತ್ತಿರುವಾಗ ಕ್ಷಯದ ರೋಗಿ ಮಲಗಿರಲೇಬೇಕಿಲ್ಲ ಎಂಬುದು ಹೀಗೆ ದಕ್ಷಿಣ ಭಾರತದಿಂದ ಜಗತ್ತಿಗೆ ಹೋದ ಪಾಠ.

ಹೃದಯದ ವಾರ್ಡುಗಳಲ್ಲೂ ಇದೇ ಕಾಲಕ್ಕೆ ಹಾಸಿಗೆಯ ಮೇಲಿನ ನಂಬಿಕೆ ಸಡಿಲವಾಯಿತು. ಹೃದಯಾಘಾತವಾದವರನ್ನು ಆರು ವಾರ ಅಂಗಾತ ಮಲಗಿಸುವುದು ವಾಡಿಕೆಯಾಗಿತ್ತು. ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅಂಥವರನ್ನು ಮೊದಲ ದಿನಗಳಲ್ಲೇ ಕುರ್ಚಿಯಲ್ಲಿ ಕೂರಿಸಿ, ಹಾನಿಯಾಗಲಿಲ್ಲವೆಂದು 1952ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1947ರಲ್ಲಿ, ರಿಚರ್ಡ್ ಆಷರ್ ಎಂಬ ಇಂಗ್ಲಿಷ್ ವೈದ್ಯ ಹಾಸಿಗೆಯಿಂದಲೇ ಬರುವ ಕೇಡುಗಳನ್ನು ಅಂಗಾಂಗವಾರು ಬರೆದಿಟ್ಟಿದ್ದ: ಕಾಲಿನ ರಕ್ತನಾಳಗಳಲ್ಲಿ ಹೆಪ್ಪು, ಬೆನ್ನುಹುಣ್ಣು, ಸವೆಯುವ ಮೂಳೆ, ಕುಗ್ಗುವ ಮನಸ್ಸು. 1966ರಲ್ಲಿ ಡಲ್ಲಾಸಿನಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿ ಅಳೆದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಅಳೆದಾಗ, ಮೂರು ದಶಕದ ವಯಸ್ಸಿಗಿಂತ ಆ ಮೂರು ವಾರದ ಹಾಸಿಗೆಯೇ ಅವರ ದೈಹಿಕ ಸಾಮರ್ಥ್ಯವನ್ನು ಹೆಚ್ಚು ಕುಗ್ಗಿಸಿತ್ತೆಂದು ತಿಳಿಯಿತು.

ಇಷ್ಟು ಓದಿದವರು ಏಳುವುದೇ ಸರಿ, ಓಡುವುದೇ ಮದ್ದು ಎಂದು ತೀರ್ಮಾನಿಸಿದರೆ ಹಳೆಯ ತಪ್ಪನ್ನು ಇನ್ನೊಂದು ದಿಕ್ಕಿನಿಂದ ಮಾಡಿದಂತೆ. ಪೋಲಿಯೊ ಹರಡಿದ್ದ 1940ರ ದಶಕದಲ್ಲಿ ಆಕ್ಸ್‌ಫರ್ಡಿನ ನರವೈದ್ಯ ರಿಚಿ ರಸೆಲ್ ರೋಗಿಗಳ ಮೊದಲ ದಿನಗಳನ್ನು ಕೆದಕಿ ನೋಡಿದ. ಜ್ವರ, ಕತ್ತುನೋವು ಶುರುವಾದ ಮೇಲೂ ಆಟವಾಡಿದವರಿಗೆ, ಭಾರದ ಕೆಲಸ ಮಾಡಿದವರಿಗೆ ಬಂದ ಪಾರ್ಶ್ವವಾಯು ಹೆಚ್ಚು ತೀವ್ರವಾಗಿತ್ತು. ಕೂಡಲೇ ಮಲಗಿದವರಿಗೆ ಅಷ್ಟಿರಲಿಲ್ಲ. 1970ರಲ್ಲಿ ಅಮೆರಿಕದ ಸಂಶೋಧಕರು ಹೃದಯಕ್ಕೆ ತಗಲುವ ಕಾಕ್ಸಾಕಿ ವೈರಸ್ ಕೊಟ್ಟ ಇಲಿಗಳನ್ನು ಈಜಿಸಿದಾಗ, ಹೃದಯದಲ್ಲಿ ವೈರಸ್ಸೂ ಹೆಚ್ಚಿತು, ಸಾವೂ ಹೆಚ್ಚಿತು. ಅತ್ಯಂತ ದುಃಖದ ಅಧ್ಯಾಯ ಸ್ವೀಡನ್ನಿನದು. ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಓಡುವ ಓರಿಯೆಂಟೀರಿಂಗ್ ಅಲ್ಲಿ ಜನಪ್ರಿಯ ಕ್ರೀಡೆ. 1979ರಿಂದ 1992ರ ನಡುವೆ ಆ ಕ್ರೀಡೆಯ 16 ಮಂದಿ ಯುವ ಓಟಗಾರರು ಹಠಾತ್ತನೆ ತೀರಿಕೊಂಡರು. ಶವಪರೀಕ್ಷೆಯಲ್ಲಿ ಹಲವರ ಹೃದಯಸ್ನಾಯುವಿನಲ್ಲಿ ಉರಿಯೂತ ಕಂಡಿತು. 1992ರ ಕೊನೆಯಲ್ಲಿ ಉನ್ನತ ಮಟ್ಟದ ತರಬೇತಿಯನ್ನೂ ಸ್ಪರ್ಧೆಯನ್ನೂ ಆರು ತಿಂಗಳು ನಿಲ್ಲಿಸಲಾಯಿತು, ಸೋಂಕಿದ್ದಾಗ ಅಭ್ಯಾಸ ಬೇಡವೆಂದು ಓಟಗಾರರಿಗೆ ತಿಳಿಹೇಳಲಾಯಿತು. ಆಮೇಲೆ ಸಾವುಗಳು ನಿಂತವು. ಆ ಸಾವುಗಳಿಗೆ ಕಾರಣ ಯಾವ ರೋಗಾಣು ಎಂಬ ಚರ್ಚೆ ಮುಗಿಯಲಿಲ್ಲ, ಆದರೆ ಇಪ್ಪತ್ತರ ಹರೆಯದ ಗಟ್ಟಿ ಮೈಯೂ ಈ ಅಪಾಯಕ್ಕೆ ಹೊರತಲ್ಲ ಎಂಬುದು ಖಚಿತವಾಯಿತು.

ಸಾಮಾನ್ಯ ಜನರಿಗೆ ಇಷ್ಟು ಸೂಕ್ಷ್ಮ ಬೇಡ, ಒಂದು ಸರಳ ಸೂತ್ರ ಸಾಕು ಎನ್ನುವವರಿದ್ದಾರೆ. ಅಂಥ ಸೂತ್ರವೊಂದನ್ನು ಅಮೆರಿಕದ ಕ್ರೀಡಾವೈದ್ಯ ರ‍್ಯಾಂಡಿ ಐಕ್ನರ್ 1990ರ ದಶಕದಲ್ಲಿ ಕೊಟ್ಟರು: ತೊಂದರೆ ಕತ್ತಿನ ಮೇಲಷ್ಟೇ ಇದ್ದರೆ, ಅಂದರೆ ಮೂಗು ಸೋರುವುದು, ಸೀನು, ಗಂಟಲ ಕೆರೆತ, ಮೆಲ್ಲಗೆ ಶುರುಮಾಡಿ ನೋಡಬಹುದು, ಜ್ವರ, ಎದೆಕೆಮ್ಮು, ಮೈಕೈ ನೋವು ಇದ್ದರೆ ಬೇಡ. 1998ರ ಸುಮಾರಿಗೆ ಇಂಡಿಯಾನಾದಲ್ಲಿ ವಿದ್ಯಾರ್ಥಿಗಳಿಗೆ ನೆಗಡಿಯ ವೈರಸ್ಸನ್ನೇ ಮೂಗಿಗೆ ಹಾಕಿ, ಕೆಲವರಿಂದ ಮಿತವಾದ ವ್ಯಾಯಾಮ ಮಾಡಿಸಿದಾಗ ನೆಗಡಿ ಹೆಚ್ಚಲೂ ಇಲ್ಲ, ಬೇಗ ಹೋಗಲೂ ಇಲ್ಲ. ಸೂತ್ರ ಒಳ್ಳೆಯದೇ, ಅದನ್ನು ಬಳಸಲಿ. ಆದರೆ ಅದು ಕೆಲಸ ಮಾಡುವುದು ಅದರೊಳಗೆ ಕಾಯಿಲೆಯ ಬಗೆಯನ್ನು ವಿಂಗಡಿಸುವ ಮಾತು ಅಡಗಿರುವುದರಿಂದ. ಮೊದಲ ಹತ್ತು ನಿಮಿಷ ಮೈ ಹೇಗೆ ಒಪ್ಪುತ್ತದೆ ನೋಡಿ ಮುಂದುವರಿಯಿರಿ ಎಂಬ ಅದರ ಎರಡನೆಯ ಭಾಗವನ್ನು ಜನ ಮರೆತುಬಿಡುತ್ತಾರೆ.

ಥರ್ಮಾಮೀಟರು ಏನನ್ನೂ ಹೇಳದ ಕಾಯಿಲೆಗಳಲ್ಲಿ ಈ ಪ್ರಶ್ನೆ ಇನ್ನೂ ಕಠಿಣ. ಬಹುಪಾಲು ಯಾವುದಾದರೂ ಸೋಂಕಿನ ಬೆನ್ನಿಗೆ ಬಂದು ವರ್ಷಗಟ್ಟಲೆ ಬಿಡದ ದೀರ್ಘಕಾಲಿಕ ಆಯಾಸದ ರೋಗ ಅಂಥದು. ಇಂದು ಸ್ವಲ್ಪ ಹೆಚ್ಚು ನಡೆದರೆ ನಾಳೆಯೋ ನಾಡಿದ್ದೋ ರೋಗಿ ಕುಸಿಯುತ್ತಾನೆ. 2007ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, ರೋಗ ತೀವ್ರವಾಗಿಲ್ಲದವರಿಗೆ ಹಂತ ಹಂತವಾಗಿ ಹೆಚ್ಚಿಸುವ ವ್ಯಾಯಾಮವನ್ನು ಶಿಫಾರಸು ಮಾಡಿತ್ತು. ಮೇಲ್ನೋಟಕ್ಕೆ ಅದು ಫ್ರಿಮ್ಲಿಯ ಮೆಟ್ಟಿಲುಗಳ ಹಾಗೆಯೇ ಇತ್ತು, ಆದರೆ ಕೆಳಗಿಳಿಸುವ ಸೂಚನೆ ಅದರಲ್ಲಿ ದುರ್ಬಲವಾಗಿತ್ತು. ಪಾದರಸ ಏರುವುದಿಲ್ಲ, ರಕ್ತಪರೀಕ್ಷೆಯಲ್ಲಿ ಎದ್ದು ಕಾಣುವ ದೋಷವಿಲ್ಲ. ಶ್ರಮ ಅತಿಯಾಯಿತೆಂದು ತಿಳಿಯಲು ರೋಗಿಯ ಮಾತೊಂದೇ ಆಧಾರ. ಆ ಮಾತನ್ನು ವೈದ್ಯರು ಹಲವು ಸಲ ಅಂಜಿಕೆಯೆಂದೂ ಮನಸ್ಸಿನ ದೌರ್ಬಲ್ಯವೆಂದೂ ಓದಿಕೊಂಡರು. ವ್ಯಾಯಾಮದಿಂದ ತಮ್ಮ ಸ್ಥಿತಿ ಹದಗೆಟ್ಟಿತೆಂದು ರೋಗಿಗಳು ವರ್ಷಗಳ ಕಾಲ ಸಮೀಕ್ಷೆಗಳಲ್ಲಿ ಹೇಳಿದರು, ಅದನ್ನು ಬೆಂಬಲಿಸಿದ ಪ್ರಯೋಗಗಳ ಲೆಕ್ಕವನ್ನು ಪ್ರಶ್ನಿಸಿದರು. 2021ರಲ್ಲಿ ನೈಸ್ ತನ್ನ ಮಾರ್ಗಸೂಚಿಯಿಂದ ಆ ವ್ಯಾಯಾಮ ಚಿಕಿತ್ಸೆಯನ್ನು ತೆಗೆದುಹಾಕಿತು. ಎಷ್ಟು ಶ್ರಮ ಸಹಿಸಬಲ್ಲೆ ಎಂಬುದನ್ನು ರೋಗಿಯೇ ಗುರುತಿಸಿಕೊಂಡು ಅದರೊಳಗೆ ದಿನ ನಡೆಸಲಿ ಎಂದು ಬರೆಯಿತು.