ಕಾರ್ಲ್ಟನ್ ಚಾಪ್ಮನ್

ಕಾರ್ಲ್ಟನ್ ಚಾಪ್ಮನ್ (13 ಏಪ್ರಿಲ್ 1971 – 12 ಅಕ್ಟೋಬರ್ 2020) ಬೆಂಗಳೂರಿನಲ್ಲಿ ಜನಿಸಿದ ಭಾರತೀಯ ಫುಟ್‌ಬಾಲ್ ಆಟಗಾರ ಹಾಗೂ ತರಬೇತುದಾರ. ಮಿಡ್‌ಫೀಲ್ಡರ್ ಆಗಿದ್ದ ಇವರು 1995ರಿಂದ 2001ರವರೆಗೆ ಭಾರತ ತಂಡದ ಪರ ಆಡಿದರು. ತಂಡದ ನಾಯಕತ್ವವನ್ನೂ ವಹಿಸಿದ್ದರು.

ವೃತ್ತಿಜೀವನ

ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ತರಬೇತಿ ಪಡೆದ ಚಾಪ್ಮನ್ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಆ ವರ್ಷದ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಸೋಲಿಸಿದ ಪಂದ್ಯದಲ್ಲಿ ಇವರು ಹ್ಯಾಟ್ರಿಕ್ ಗಳಿಸಿದರು. 1995ರಲ್ಲಿ ಪಂಜಾಬಿನ ಜೆಸಿಟಿ ಸೇರಿದರು. 1996–97ರ ಚೊಚ್ಚಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆ ತಂಡದ ಪಾಲಾಯಿತು. ಎಫ್‌ಸಿ ಕೊಚ್ಚಿನ್ ಪರ ಆಡಿದ ಬಳಿಕ 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. ಇವರ ನಾಯಕತ್ವದಲ್ಲಿ ಆ ಕ್ಲಬ್ 2000–01ರಲ್ಲಿ ತನ್ನ ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ ಗೆದ್ದಿತು.

ನಿವೃತ್ತಿ ಮತ್ತು ನಿಧನ

ಆಟದಿಂದ ನಿವೃತ್ತರಾದ ಮೇಲೆ ಟಾಟಾ ಅಕಾಡೆಮಿ, ರಾಯಲ್ ವಾಹಿಂಗ್‌ಡೊ ಮತ್ತು ಭವಾನಿಪುರ ತಂಡಗಳಿಗೆ ತರಬೇತಿ ನೀಡಿದರು. ಹೃದಯಾಘಾತದಿಂದ ತಮ್ಮ 49ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.