ನರವಿಜ್ಞಾನದ ಚಂದಾ ಆಧಾರಿತ ವಿದ್ವತ್ಪತ್ರಿಕೆಗಳು

ನರವಿಜ್ಞಾನದ ಚಂದಾ ಆಧಾರಿತ ವಿದ್ವತ್ಪತ್ರಿಕೆಗಳು ಮೆದುಳು ಮತ್ತು ನರಮಂಡಲವನ್ನು ಕುರಿತ ಸಂಶೋಧನ ಲೇಖನಗಳನ್ನು ಪ್ರಕಟಿಸಿ, ಮುಖ್ಯವಾಗಿ ಚಂದಾ ತೆತ್ತ ಓದುಗರಿಗೆ ಹಾಗೂ ಗ್ರಂಥಾಲಯಗಳಿಗೆ ಅವುಗಳ ಪೂರ್ಣಪಾಠವನ್ನು ಒದಗಿಸುವ ನಿಯತಕಾಲಿಕೆಗಳು. 'ನ್ಯೂರಾನ್' (1988), 'ನೇಚರ್ ನ್ಯೂರೋಸೈನ್ಸ್' (1998) ಇವುಗಳಲ್ಲಿ ಪ್ರಸಿದ್ಧವಾದವು.

ಅನುಕೂಲಗಳು

ಈ ಪದ್ಧತಿಯಲ್ಲಿ ಲೇಖಕರು ಸಾಮಾನ್ಯವಾಗಿ ಪ್ರಕಟಣಾ ಶುಲ್ಕ ಕೊಡಬೇಕಾಗಿಲ್ಲ. ಅಲ್ಪ ಅನುದಾನದಲ್ಲಿ ದುಡಿಯುವ ಸಂಶೋಧಕರಿಗೆ ಇದು ಸಣ್ಣ ಸಂಗತಿಯಲ್ಲ. 2020ರಲ್ಲಿ ಮುಕ್ತ ಪತ್ರಿಕೆಯಾದ 'ನ್ಯೂರೋಇಮೇಜ್' ಲೇಖನವೊಂದಕ್ಕೆ 3,450 ಡಾಲರ್ ಶುಲ್ಕ ವಿಧಿಸುವ ಮಟ್ಟ ಮುಟ್ಟಿದಾಗ, 2023ರ ಏಪ್ರಿಲ್‌ನಲ್ಲಿ ಅದರ ಸಂಪಾದಕ ಮಂಡಳಿಯೇ ರಾಜೀನಾಮೆಯಿತ್ತಿತು. ಓದುಗರ ಹೊರೆ ಇಳಿದರೂ ಅದು ಲೇಖಕರ ಹೆಗಲೇರಿತ್ತು.

ಕೊರತೆಗಳು

ಸಂಶೋಧನೆಗೆ ಬಹುಮಟ್ಟಿಗೆ ಸಾರ್ವಜನಿಕರ ಹಣ ವ್ಯಯವಾಗುತ್ತದೆ. ಲೇಖನಗಳನ್ನು ಪರಿಶೀಲಿಸುವ ತಜ್ಞರು ಸಾಮಾನ್ಯವಾಗಿ ಸಂಭಾವನೆ ಪಡೆಯುವುದಿಲ್ಲ. ಆದರೂ ಮನೆಯವರ ಮೂರ್ಛೆರೋಗದ ಬಗ್ಗೆ ತಿಳಿಯಬಯಸುವವರಿಗೆ ಹಲವು ವೇಳೆ ದೊರೆಯುವುದು ಲೇಖನದ ಸಾರಾಂಶವಷ್ಟೇ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗೂ ತಾಲ್ಲೂಕು ಕೇಂದ್ರದ ಕಾಲೇಜಿಗೂ ನಡುವಣ ಅಂತರ ಇಲ್ಲಿ ಎದ್ದು ಕಾಣುತ್ತದೆ.

ಭಾರತದ ಕ್ರಮ

ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ನಿಗದಿಯಾಗಿದ್ದು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಇದರ ವ್ಯಾಪ್ತಿಗೆ ಬಂದಿವೆ. ನೋಂದಾಯಿತ ಸರ್ಕಾರಿ ಕಾಲೇಜಿನಲ್ಲಿ ಓದುವ ಮಧುರೆಯ ವಿದ್ಯಾರ್ಥಿನಿಗೂ ಈ ಪತ್ರಿಕೆಗಳು ಉಚಿತವಾಗಿ ದೊರೆಯುತ್ತವೆ. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳನ್ನು ಸೇರಿಸಿಲ್ಲ. ಅದೇ ಊರಿನಿಂದ ಅಂತಹ ಕಾಲೇಜಿಗೆ ಹೋಗುವವರಿಗೆ ಈ ಸೌಲಭ್ಯವಿಲ್ಲ.